ಮೂರು ಕಾಲಿನ ಸ್ಟ್ಯಾಂಡು, ಮೂರು ಜನದ ಫೋಟೋ

ಫೋಟೋ ತೆಗೆಯೋದು ಅಂದ್ರೆ ಬೇರೆಯವರ ಮನೆಯಲ್ಲಿ ಒಂದು ಬಟನ್ ಒತ್ತೋ ಕೆಲಸ. ನಮ್ಮನೆಯಲ್ಲಿ ಹಾಗಲ್ಲ. ಮೊದಲು ಸಭೆ ಸೇರಬೇಕು, ಆಮೇಲೆ ಜನ ಹೊಂದಿಸಬೇಕು, ನಡುವೆ ಒಂದು ಸಣ್ಣ ಜಗಳ ಆಗಬೇಕು. ಇಷ್ಟೆಲ್ಲ ಆದಮೇಲೂ ಫೋಟೋ ಬರೋದಿಲ್ಲ. ಒಂದು ಸಲ ಆದ್ರೆ ಗ್ರಹಚಾರ ಅನ್ನಬಹುದು, ನಮಗೆ ಹೋದ ಹೋದ ಊರಲ್ಲೆಲ್ಲ ಹೀಗೇ ಆಗ್ತಾ ಬಂದಿದೆ.

ನಾನು ಗುಬ್ಬಿಯ ಒಂದು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು. ನಮ್ಮೆಜಮಾನ್ರು ಅದೇ ತಾಲ್ಲೂಕಲ್ಲಿ ಸರ್ವೇಯರ್ ಆಗಿದ್ರು, ಅವರೂ ರಿಟೈರ್ ಆಗಿದ್ದಾರೆ. ಜೊತೆಗೆ ನಮ್ಮತ್ತೆ. ನಮಗೆ ಮಕ್ಕಳಿಲ್ಲ. ತುಮಕೂರಿನ ಮನೆಯಲ್ಲಿ ಇರೋದು ಮೂರೇ ಜನ. ರಿಟೈರ್ ಆದಾಗ ನಾನೊಂದು ಪುಟ್ಟ ಕ್ಯಾಮೆರಾ ತಗೊಂಡೆ. ಅವತ್ತಿಂದ ಕಾರಲ್ಲಿ ಅತ್ತೆಯನ್ನ ಕೂರಿಸಿಕೊಂಡು ಊರೂರು ಸುತ್ತೋದು, ಕೆರೆ, ಬೆಟ್ಟ, ಗುಡಿ ಏನು ಕಂಡರೂ ತೆಗೆಯೋದು ನನ್ನ ಚಟ.

ಒಂದು ದಿನ ಸಂಜೆ ಆ ಫೋಟೋಗಳನ್ನೆಲ್ಲ ಟೀವಿಯಲ್ಲಿ ಹಾಕಿ ತೋರಿಸ್ತಿದ್ದೆ. ಅತ್ತೆ ಕಾಫಿ ಕುಡೀತಾ ಒಂದೊಂದನ್ನೇ ನೋಡಿದ್ರು. ಕೊನೆಗೆ ಲೋಟ ಕೆಳಗಿಟ್ಟು, "ಇದ್ರಲ್ಲಿ ಇವ್ನು ಅವ್ನೆ, ನಾನಿದೀನಿ, ಕೋತಿನೂ ಐತೆ. ನೀನೆಲ್ಲವ್ವ?" ಅಂದ್ರು.

"ನಾನು ತೆಗೆಯೋಳು ಅತ್ತೆ."

"ತೆಗೆಯೋಳು ಅಂದ್ರೆ ಮನೆಯೋಳಲ್ವಾ? ನೋಡ್ದೋರು ಈ ಮನೇಲಿರೋದು ತಾಯಿ ಮಗ ಇಬ್ರೇ ಅಂದ್ಕಂತಾರೆ. ಮೂರು ಜನಾನೂ ಇರೋದೊಂದು ಫೋಟೋ ತೆಗೆಸಿ ಹಾಲಲ್ಲಿ ಹಾಕ್ಬೇಕು ಕಣವ್ವ."

ಇಷ್ಟು ವರ್ಷದಲ್ಲಿ ನನಗೇ ತೋಚದೆ ಇದ್ದಿದ್ದು ಅವರಿಗೆ ತೋಚಿತಲ್ಲ ಅಂತ ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಕೆ ಸೆರಗು ಎತ್ತಿದೆ. ಅಷ್ಟರಲ್ಲಿ ಅತ್ತೆ ಮಾತು ಮುಗಿಸಿದ್ರು. "ಆದ್ರೆ ಮೂರೇ ಜನ ನಿಲ್ಲಂಗಿಲ್ಲ."

ನಾಲ್ಕನೆಯವರು

ಮೂರು ಜನ ಒಟ್ಟಿಗೆ ಫೋಟೋ ತೆಗೆಸಿಕೊಂಡರೆ ಮಧ್ಯ ನಿಂತವರಿಗೆ ಆಯಸ್ಸು ಕಮ್ಮಿ ಅನ್ನೋ ಮಾತು ನೀವೂ ಕೇಳಿರ್ತೀರಿ. ಬೇರೆಯವರ ಮನೆಯಲ್ಲಿ ಅದನ್ನ ಹೇಳಿ ನಕ್ಕು ಸುಮ್ಮನಾಗ್ತಾರೆ. ನಮ್ಮನೆಯಲ್ಲಿ ಅದು ಕಾನೂನು. ನಾನು ಕ್ಯಾಮೆರಾ ಹಿಡಿದರೆ ತೊಂದರೆಯಿಲ್ಲ, ಎದುರಿಗೆ ತಾಯಿ ಮಗ ಇಬ್ಬರೇ. ಮೂವರೂ ಬರಬೇಕು ಅಂದ್ರೆ ಮಾತ್ರ ಹೊರಗಿನವರು ಇಬ್ಬರು ಬೇಕು. ಒಬ್ಬರು ತೆಗೆಯೋಕೆ, ಇನ್ನೊಬ್ಬರು ನಮ್ಮ ಜೊತೆ ನಾಲ್ಕನೆಯವರಾಗಿ ನಿಲ್ಲೋಕೆ.

ಮೊದಲ ಪ್ರಯತ್ನ ಯಡಿಯೂರಿನಲ್ಲಿ ಆಯ್ತು. ದರ್ಶನ, ದಾಸೋಹ ಎಲ್ಲ ಮುಗಿಸಿ ಹೊರಗೆ ಬಂದಾಗ ತೆಗೆಯೋಕೆ ಒಬ್ಬ ಮೇಷ್ಟ್ರು ಸಿಕ್ಕಿದ್ರು. ನಾಲ್ಕನೆಯವರನ್ನ ಅತ್ತೆಯೇ ಹುಡುಕಿದ್ರು. ಕೈತೊಳೆದುಕೊಂಡು ಬರ್ತಿದ್ದ ಒಬ್ಬ ನಡುವಯಸ್ಸಿನ ಮನುಷ್ಯನನ್ನ ತಡೆದು, "ಬಾರಪ್ಪ, ಒಂದ್ ಗಳಿಗೆ ನಮ್ ಜೊತೆ ನಿಂತ್ಕೊ" ಅಂದ್ರು. ಯಾಕೆ ಏನು ಅಂತ ಆತ ಕೇಳಲಿಲ್ಲ. ಕೈ ಒರೆಸಿಕೊಂಡು, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಬಂದು ನಮ್ಮೆಜಮಾನ್ರ ಹೆಗಲ ಮೇಲೆ ಕೈ ಹಾಕಿ ನಿಂತರು. ಫೋಟೋ ಬಹಳ ಚೆನ್ನಾಗಿ ಬಂತು. ನಾನಂತೂ ಖುಷಿಯಿಂದ ಅದನ್ನ ಎರಡೂ ಕಡೆಯ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ.

ನನ್ನ ಚಿಕ್ಕಮ್ಮ ಫೋನ್ ಮಾಡಿ, "ನಿಮ್ಮೆಜಮಾನ್ರ ಪಕ್ಕ ಇರೋರು ಅವರ ಕಡೆಯವರೇನೇ?" ಅಂದ್ರು. ಮೂರು ಜನದ ಕಥೆಯೆಲ್ಲ ಯಾರು ಹೇಳ್ತಾರೆ ಅಂತ ನಾನು ಹೂಂ ಅಂದೆ. ಅತ್ತ ಇವರ ದೊಡ್ಡಪ್ಪನ ಮಗ ಇವರನ್ನ ಕೇಳಿದ್ದಕ್ಕೆ ಇವರು, "ನನ್ನ ಹೆಂಡತಿ ಕಡೆಯವರು" ಅಂದಿದ್ರು. ಒಬ್ಬರು ಹೀಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮುಂದೆ ಕುಣಿಗಲ್‌ನಲ್ಲಿ ಒಂದು ಮದುವೆ. ಚಿಕ್ಕಮ್ಮನೂ ಆ ದೊಡ್ಡಪ್ಪನ ಮಗನೂ ಒಂದೇ ಪಂಕ್ತಿಯಲ್ಲಿ ಕೂತರು. "ನಿಮ್ ಕಡೆಯವರು ಬರ್ಲಿಲ್ವಾ?" "ಯಾರು?" "ಅದೇ, ಯಡಿಯೂರಿಗೆ ಜೊತೇಲಿ ಹೋಗಿದ್ರಲ್ಲ." "ಅವರು ನಿಮ್ ಕಡೆಯವರಲ್ವಾ?" ಹೋಳಿಗೆ ಬರೋ ಹೊತ್ತಿಗೆ ಮಾತು ಜೋರಾಯ್ತು. ನಾವಿಬ್ಬರೂ ತಲೆಯೆತ್ತದೆ ಊಟ ಮಾಡ್ತಿದ್ವಿ. ಕೊನೆಗೆ ಅವರಿಬ್ಬರೂ ರಾಜಿಯಾಗಿ, ಅಷ್ಟು ಹತ್ತಿರದ ನೆಂಟರಿಗೆ ಪತ್ರಿಕೆ ಕೊಡದೆ ಬಿಟ್ಟಿದ್ದೀರಲ್ಲ ಅಂತ ಮದುವೆ ಮನೆಯವರನ್ನೇ ತರಾಟೆಗೆ ತಗೊಂಡರು.

ಕೆರೆ ತುಂಬಿದ್ದ ದಿನ

ಆ ಫೋಟೋ ಹಾಲಲ್ಲಿ ಹಾಕಿದ್ರೆ ಬಂದವರೆಲ್ಲ ಇವರ್ಯಾರು ಅಂತ ಕೇಳ್ತಾರೆ. ನಾಲ್ಕನೆಯವರು ಗಂಡಸಾದರೆ ತಾನೇ ಈ ರಗಳೆ, ಹೆಂಗಸಾದರೆ ಯಾರೂ ಕೇಳಲ್ಲ ಅಂತ ತೀರ್ಮಾನ ಮಾಡಿದ್ವಿ. ಕುಣಿಗಲ್ ಕೆರೆ ತುಂಬಿದೆ ಅಂತ ಸುದ್ದಿ ಬಂದಾಗ ಹೋದ್ವಿ. ಏರಿ ಮೇಲೆ ಜಾತ್ರೆಯಂತೆ ಜನ. ಕಡ್ಲೇಕಾಯಿ ಮಾರ್ತಿದ್ದ ಹೆಂಗಸೊಬ್ಬರು, "ಅದಕ್ಕೇನಂತೆ" ಅಂತ ತಲೆ ಸವರಿಕೊಂಡು ಬಂದು ಅತ್ತೆ ಪಕ್ಕ ನಿಂತರು. ಬಿಳೀ ಶರ್ಟು ಹಾಕಿದ್ದ ಊರಿನ ಹಿರಿಯರೊಬ್ಬರ ಕೈಗೆ ಕ್ಯಾಮೆರಾ ಕೊಟ್ಟೆ.

ಆ ಮನುಷ್ಯ ಬಹಳ ಶ್ರದ್ಧೆಯವರು. ಹಿಂದೆ ಹೋದ್ರು, ಮುಂದೆ ಬಂದ್ರು, ಒಂದು ಕಲ್ಲು ಹತ್ತಿದ್ರು. "ನಗಿ, ನಗಿ" ಅಂದ್ರು. ನಾವು ನಕ್ಕಿದ್ದೂ ನಕ್ಕಿದ್ದೇ. ದವಡೆ ನೋಯೋ ತನಕ ನಕ್ಕು ಆಮೇಲೆ ಕ್ಯಾಮೆರಾ ಇಸ್ಕೊಂಡು ನೋಡ್ತೀನಿ, ಎಲ್ಲದರಲ್ಲೂ ಕೆರೆ. ಆ ದಡದಿಂದ ಈ ದಡದವರೆಗೆ ನೀರು, ಮೇಲೆ ಮೋಡ, ದೂರದಲ್ಲಿ ಬೆಳ್ಳಕ್ಕಿ. ಒಂದೇ ಒಂದರಲ್ಲಿ ಮಾತ್ರ ಕೆಳಗಡೆ ಅಂಚಿನಲ್ಲಿ ನಾಲ್ಕು ನೆತ್ತಿ ಕಾಣ್ತಿತ್ತು. ಅದರಲ್ಲೊಂದು ನಮ್ಮೆಜಮಾನ್ರ ಬೊಕ್ಕತಲೆ.

ನನಗೆ ಸಿಟ್ಟು ಬೇಗ ಬರುತ್ತೆ. "ಏನ್ ಸಾರ್ ಇದು, ನಮ್ಮನ್ನ ತೆಗೀರಿ ಅಂದ್ರೆ ಬರೀ ಕೆರೆ ತೆಗೆದಿದ್ದೀರಲ್ಲ" ಅಂದೆ.

ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. "ನೀವು ದಿನಾ ಇರ್ತೀರ ಕಣಮ್ಮ, ಕೆರೆ ತುಂಬೋದು ಯಾವಾಗ್ಲೋ" ಅಂದ್ರು.

ಆಳುದ್ದದ ಸ್ಟ್ಯಾಂಡು

ಅವತ್ತು ವಾಪಸ್ ಬರುವಾಗ ಕಾರಲ್ಲೇ ಘೋಷಣೆ ಮಾಡಿದೆ. ಇನ್ನು ಮೇಲೆ ತೆಗೆಯೋಕೆ ಯಾರ ಕೈಕಾಲೂ ಹಿಡಿಯಲ್ಲ, ಒಂದು ಟ್ರೈಪಾಡು ತರ್ತೀನಿ. ಕ್ಯಾಮೆರಾ ತಾನೇ ತೆಗೆಯುತ್ತೆ. ನಾಲ್ಕನೆಯವರನ್ನ ಹುಡುಕಿಕೊಂಡರೆ ಸಾಕು.

ನಮ್ಮೆಜಮಾನ್ರು ಸ್ಟಿಯರಿಂಗ್ ಹಿಡಿದೇ ನಕ್ಕರು. ಸರ್ವೇಯರ್ ಕೆಲಸದಲ್ಲಿ ಜೀವಮಾನವೆಲ್ಲ ಮೂರು ಕಾಲಿನ ಸ್ಟ್ಯಾಂಡು ಹೊತ್ತವರು. "ಸ್ಟ್ಯಾಂಡಿನ ವಿಷಯ ನನಗೆ ಬಿಡು" ಅಂದು, ಪರಿಚಯದ ಸ್ಟುಡಿಯೋದಿಂದ ಒಂದು ದೊಡ್ಡ ಸ್ಟ್ಯಾಂಡು ಕೇಳಿ ತಂದರು. ಅವರಿಗಿಂತ ಎತ್ತರ. "ಸ್ಟ್ಯಾಂಡು ಅಂದ್ರೆ ಆಳುದ್ದ ಇರಬೇಕು ಕಣೇ" ಅಂದ್ರು.

ಅದನ್ನ ಹಿಡ್ಕೊಂಡು ಅತ್ತೆಯ ತವರು ಹಾಗಲವಾಡಿಗೆ ಹೋದ್ವಿ. ಊರ ಮುಂದೆ ರಸ್ತೆ ಪಕ್ಕ ಅರಳಿಕಟ್ಟೆಯ ಮೇಲೆ ಅತ್ತೆಯನ್ನೂ ಅವರ ಬಾಲ್ಯದ ಗೆಳತಿಯೊಬ್ಬರನ್ನೂ ಕೂರಿಸಿದೆ. ನಾಲ್ಕನೆಯವರು ಸಿಕ್ಕ ಹಾಗಾಯ್ತು. ಇವರು ಎದುರಿಗೆ ಸ್ಟ್ಯಾಂಡು ನೆಟ್ಟು, ಕಾಲು ಅಗಲ ಮಾಡಿ, ಹಳೇ ಅಭ್ಯಾಸದಂತೆ ಒಂದು ಕಣ್ಣು ಮುಚ್ಚಿ ನೋಡಿ, ಕೈ ಬೀಸಿ, "ಎಡಕ್ಕೆ, ಇನ್ನೂ ಎಡಕ್ಕೆ" ಅಂದ್ರು.

ಅಷ್ಟೇ ಸಾಕಾಯ್ತು. ಎದುರುಮನೆಯಿಂದ ಒಬ್ಬರು ಟವಲ್ ಕೊಡವಿಕೊಂಡು ಬಂದ್ರು. "ಓ, ನಮ್ ಸರ್ವೇರು. ಏನ್ ಸಾ, ರೋಡ್ ಅಗಲ ಮಾಡ್ತಾರಾ?"

"ಇಲ್ಲಪ್ಪ, ಫೋಟೋಗೆ."

"ಹೂಂ ಸಾ, ಮೊದ್ಲು ಹಂಗೇ ಅಂತಾರೆ. ಆಮೇಲೆ ಮನೆ ಮುಂದ್ಗಡೆ ಕೆಂಪು ಗೆರೆ ಎಳೀತಾರೆ."

ಮಾತು ಊರೊಳಗೆ ಹೋಯ್ತು. ಎಡಕ್ಕೆ ಅಂದ್ರಂತೆ, ಎಡಗಡೆಯವರ ಜಾಗ ಹೋಗ್ತದಂತೆ. ಎಡಗಡೆಯ ಮನೆಯ ಅಜ್ಜನೊಬ್ಬರು ಬಂದು ತಮ್ಮ ತೆಂಗಿನ ಮರಕ್ಕೆ ಬೆನ್ನು ಕೊಟ್ಟು ಕೂತೇ ಬಿಟ್ಟರು. ಬಲಗಡೆಯವರು ನೆಮ್ಮದಿಯಾಗಿ ಅವರಿಗೆ ಸಮಾಧಾನ ಹೇಳ್ತಿದ್ರು. ಇಷ್ಟರ ಮಧ್ಯ ಇನ್ನೊಬ್ಬರು ಬಂದು, "ಸಾ, ಹೆಂಗೂ ಬಂದಿದೀರ, ನಮ್ ಪಕ್ಕದೋನು ಬದು ಒಂದಡಿ ಈಕಡೆ ತಳ್ಳವ್ನೆ, ಒಂದ್ ಸ್ವಲ್ಪ ನೋಡಿ" ಅಂತ ಇವರ ಕೈ ಹಿಡಿದ್ರು. ರಿಟೈರ್ ಆದಮೇಲೆ ಯಾರೂ ಇವರನ್ನ ಹಾಗೆ ಕರೆದಿರಲಿಲ್ಲ. ಮುಖ ಅರಳಿತು. "ಎರಡೇ ನಿಮಿಷ ಬಂದೆ ಕಣೇ" ಅಂತ ಹೊಲದ ಕಡೆ ಹೊರಟೇ ಹೋದ್ರು.

ಆತ ಕೈ ಹಿಡಿಯೋ ಗಳಿಗೆಯಲ್ಲಿ ಇವರು ಟೈಮರ್ ಒತ್ತಿಯಾಗಿತ್ತು, ಅದನ್ನ ಮರೆತಿದ್ರು. ಆ ಫೋಟೋದಲ್ಲಿ ಅತ್ತೆ ಇದ್ದಾರೆ, ನಾನಿದ್ದೀನಿ, ಗೆಳತಿ ಇದ್ದಾರೆ, ತೆಂಗಿನ ಮರದ ಅಜ್ಜ ಇದ್ದಾರೆ. ಊರಿಗೆ ಊರೇ ಇದೆ, ನಮ್ಮೆಜಮಾನ್ರೊಬ್ಬರನ್ನ ಬಿಟ್ಟು.

ಅಂಗಡಿಯಲ್ಲಿ ಅಡ್ಡಣಿಗೆ

ದೊಡ್ಡ ಸ್ಟ್ಯಾಂಡು ಸ್ಟುಡಿಯೋಗೆ ವಾಪಸ್ ಹೋಯ್ತು. ನನ್ನ ಕೈಚೀಲದಲ್ಲಿ ಹಿಡಿಸುವಂಥದು, ತೆಗೆದಿಟ್ಟರೂ ಜನದ ಕಣ್ಣಿಗೆ ಬೀಳದಂಥದು ಬೇಕು ಅಂತ ನಾನು ಹಟ ಹಿಡಿದೆ. ಮೇಜಿನ ಮೇಲೆ ಇಡೋ ಪುಟ್ಟ ಟ್ರೈಪಾಡುಗಳು ಬರ್ತಾವಲ್ಲ, ಅಂಥದು. ತುಮಕೂರಿನ ಟೌನ್‌ಹಾಲ್ ಹತ್ತಿರದ ಅಂಗಡಿಗೆ ಮೂವರೂ ಹೋದ್ವಿ. ಫೋಟೋ ನಂದೂ ಅಲ್ವಾ ಅಂತ ಅತ್ತೆಯೂ ಬಂದ್ರು.

ಅಂಗಡಿಯವರು ಮೊದಲು ತೋರಿಸಿದ್ದು ಕಾಲು ಬಗ್ಗುವ ಜಾತಿ. "ಇದನ್ನ ಮರದ ಕೊಂಬೆಗೂ ಸುತ್ತಬಹುದು, ಕಿಟಕಿ ಸರಳಿಗೂ ಸುತ್ತಬಹುದು" ಅಂದ್ರು. ಅತ್ತೆ ಅದನ್ನ ಗಾಜಿನ ಮೇಲೆ ನಿಲ್ಲಿಸಿ, ಅದರ ತಲೆ ಮೇಲೆ ತಮ್ಮ ಎಲೆಅಡಿಕೆ ಚೀಲ ಇಟ್ರು. ಒಂದು ಕಾಲು ಮೆಲ್ಲಗೆ ಜಾರಿತು, ಇನ್ನೊಂದು ಮಡಚಿಕೊಂಡಿತು, ಪೂರ್ತಿ ಮಗ್ಗುಲಾಗಿ ಮಲಗಿತು. "ಇವ್ನು ಕುಡುದವ್ನೆ, ಬ್ಯಾಡ" ಅಂದ್ರು ಅತ್ತೆ.

ಎರಡನೆಯದು ಕಾಲು ಎಳೆದರೆ ಉದ್ದ ಆಗೋದು. ಚೆನ್ನಾಗಿತ್ತು, ಆದ್ರೆ ನನ್ನ ಚೀಲಕ್ಕೆ ಹಿಡಿಸಲಿಲ್ಲ. ಮೂರನೆಯದು ಗಿಡ್ಡಕ್ಕೆ, ಗಟ್ಟಿಯಾಗಿ, ಮಡಚಿದರೆ ಒಂದು ಸೌತೇಕಾಯಿಯಷ್ಟು. ನಮ್ಮೆಜಮಾನ್ರು ಜೇಬಿಂದ ಪುಟ್ಟ ರಸಮಟ್ಟ ತೆಗೆದು ಅದರ ಮೇಲಿಟ್ಟು ಗುಳ್ಳೆ ನೋಡಿದ್ರು. ಯಾರಾದ್ರೂ ಅಂಗಡಿಗೆ ರಸಮಟ್ಟ ಇಟ್ಕೊಂಡು ಬರ್ತಾರಾ ಅಂತ ನಾನು ಮುಖ ಆಕಡೆ ತಿರುಗಿಸಿದೆ. ಅತ್ತೆ ಎಲೆಅಡಿಕೆ ಚೀಲ ಇಟ್ಟರು. ಅಲ್ಲಾಡಲಿಲ್ಲ.

"ಇದು ನಮ್ ಅಡ್ಡಣಿಗೆ ಕಣವ್ವ" ಅಂತ ಅತ್ತೆ ಮುಖ ಅರಳಿಸಿದ್ರು. ಮನೆಗೆ ಸ್ವಾಮಿಗಳು ಬಂದಾಗ ಊಟದ ತಟ್ಟೆ ಇಡೋಕೆ ಒಂದು ಮೂರು ಕಾಲಿನ ಹಿತ್ತಾಳೆ ಸ್ಟ್ಯಾಂಡು ಇದೆ, ಅದೇ ಅಡ್ಡಣಿಗೆ. ಅತ್ತೆ ಅದನ್ನ ಹುಣಸೇಹಣ್ಣು ಹಾಕಿ ತಿಕ್ಕಿ ಬಟ್ಟೇಲಿ ಸುತ್ತಿಡ್ತಾರೆ.

ಇದೇ ಸಮಯ ಅಂತ ನಾನು ಶುರು ಮಾಡಿದೆ. "ನೋಡಿ ಅತ್ತೆ, ಅಡ್ಡಣಿಗೆಗೆ ಮೂರು ಕಾಲು. ವಿಭೂತಿಗೆ ಮೂರು ಗೆರೆ. ಬಿಲ್ವಪತ್ರೆಗೆ ಮೂರು ಎಲೆ. ಮೂರು ಅಂದ್ರೆ ಕೆಟ್ಟದ್ದು ಹೇಗಾಗುತ್ತೆ? ಅಷ್ಟೇ ಯಾಕೆ, ಬ್ರಹ್ಮ, ವಿಷ್ಣು, ಮಹೇಶ್ವರ ಮೂರೂ ಜನ ಒಂದೇ ಕ್ಯಾಲೆಂಡರಲ್ಲಿ ನಿಂತಿಲ್ವಾ?"

ಕ್ಲಾಸಿನಲ್ಲಿ ಆಗಿದ್ದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅಂಗಡಿಯವರೂ ತಲೆದೂಗಿದ್ರು. ಅತ್ತೆ ಎಲೆಅಡಿಕೆ ಚೀಲದ ದಾರ ಬಿಗಿಮಾಡ್ತಾ, "ಅವ್ರು ನಿಂತ್ಕಬೋದು ಬುಡು. ಅವ್ರೇನ್ ಸಾಯ್ತಾರಾ?" ಅಂದ್ರು.

ಮೇಜು ಯಾರು ತರೋರು

ಸ್ಟ್ಯಾಂಡು ಮನೆಗೆ ಬಂತು. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಂದು ಸೇವಂತಿಗೆ ಹೂವು ಸಿಕ್ಕಿಸಿದ್ರು. ನಮ್ಮೆಜಮಾನ್ರು ಸುತ್ತ ಬಂದು ನೋಡಿ, "ಎಲ್ಲಾ ಸರಿ. ಮೇಜಿನ ಮೇಲಿಡೋ ಸ್ಟ್ಯಾಂಡು. ಬೆಟ್ಟಕ್ಕೆ ಹೋದಾಗ ಮೇಜು ಯಾರು ತರ್ತಾರೆ?" ಅಂದ್ರು. ನಾನು ಅದನ್ನ ಯೋಚನೆ ಮಾಡಿರಲಿಲ್ಲ. ಅಲ್ಲೇ ಕಲ್ಲೋ ಕಟ್ಟೆಯೋ ಸಿಗುತ್ತೆ ಅಂತ ಬಾಯಿಮುಚ್ಚಿಸಿದೆ. ಮುಂದಿನ ಸಲ ಹೊರಟಾಗ ನೋಡಿದ್ರೆ, ಕೈಚೀಲದಲ್ಲಿ ಹಿಡಿಸುವ ಸ್ಟ್ಯಾಂಡು ಇಡೋಕೆ ಅಂತ ಇವರು ನಮ್ಮ ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲನ್ನ ಡಿಕ್ಕಿಗೆ ತುರುಕಿಕೊಂಡಿದ್ರು.

ಸ್ಟೂಲು ಹೊರೋ ಗೋಜೇ ಬೇಡ, ಮೇಜು ಇರೋ ಜಾಗದಲ್ಲೇ ತೆಗೆಯೋಣ ಅಂತ ಗುಬ್ಬಿಯಲ್ಲಿ ನಾವು ಯಾವಾಗಲೂ ಹೋಗೋ ಹೋಟೆಲಿಗೆ ಹೋದ್ವಿ. ಸಪ್ಲೈಯರ್ ಹಳಬರು, ನಾನು ಸ್ಕೂಲಿಗೆ ಹೋಗ್ತಿದ್ದ ಕಾಲದಿಂದ ನಮಗೆ ಇಡ್ಲಿ ಕೊಟ್ಟವರು. ನಾಲ್ಕನೆಯವರಾಗಿ ನೀವೇ ನಿಲ್ಲಬೇಕು ಅಂದಾಗ ಸಂತೋಷದಿಂದ ಒಪ್ಪಿದ್ರು. ಎದುರು ಮೇಜಿನ ಮೇಲೆ ಸ್ಟ್ಯಾಂಡು ಇಟ್ಟು, ಟೈಮರ್ ಒತ್ತಿ ನಾನು ಓಡಿಬಂದು ಕೂತೆ.

ಆ ಪುಣ್ಯಾತ್ಮ ನಮ್ಮ ಹಿಂದೆ ಬಂದು ನಿಲ್ಲುವ ಬದಲು, ದಾರಿಯಲ್ಲಿ ಆ ಮೇಜಿನ ಮೇಲೆ ಸಾಂಬಾರ್ ಚೆಲ್ಲಿರೋದು ನೋಡಿಬಿಟ್ಟರು. ಹೆಗಲ ಮೇಲಿನ ಬಟ್ಟೆ ತೆಗೆದು, ಸ್ಟ್ಯಾಂಡನ್ನ ಎತ್ತಿ, ಕೆಳಗೆ ಚೆನ್ನಾಗಿ ಒರೆಸಿ, ಮತ್ತೆ ಇಟ್ಟರು. ಇಟ್ಟಿದ್ದು ಆಕಡೆ ಮುಖ ಮಾಡಿ. ಕ್ಯಾಮೆರಾ ಕಣ್ಣು ಮಿಟುಕಿಸಿದಾಗ ಪಕ್ಕದ ಮೇಜಿನವರು ಮಸಾಲೆದೋಸೆಗೆ ಬಾಯಿ ತೆರೆದಿದ್ದರು. "ನಂದ್ಯಾಕ್ರೀ ತೆಗೀತೀರ?" ಅಂತ ಅವರು ಎದ್ದು ನಿಂತರು. ಅವರನ್ನ ಸಮಾಧಾನ ಮಾಡಿ ಫೋಟೋ ಅಳಿಸಿ ತೋರಿಸಬೇಕಾಯ್ತು.

ಎರಡನೇ ಸಲ ಎಲ್ಲಾ ಸರಿಯಾಗಿತ್ತು. ಸಪ್ಲೈಯರ್ ನಮ್ಮ ಹಿಂದೆಯೇ ನಿಂತಿದ್ರು. ಟೈಮರಿನ ದೀಪ ಮಿನುಗ್ತಿತ್ತು. ಆಗ ಮೂಲೆಯಿಂದ ಯಾರೋ, "ಒಂದ್ ಕಾಫಿ" ಅಂದ್ರು. ಆ ಮನುಷ್ಯನ ಕಾಲು ಆ ಮಾತಿಗೇ ಕಾಯ್ತಿದ್ದ ಹಾಗೆ ತಾವಾಗೇ ಹೊರಟವು. ಫ್ರೇಮಿನಲ್ಲಿ ಉಳಿದೋರು ನಾವು ಮೂವರೇ. ಮಧ್ಯ ಕೂತಿದ್ದು ನಾನು. ಅತ್ತೆ ತಮ್ಮ ಸೆರಗನ್ನ ಸರ್ರನೆ ಎಳೆದು ತಮ್ಮ ಮುಖಕ್ಕೆ ಪೂರ್ತಿ ಮುಚ್ಚಿಕೊಂಡ್ರು.

ಫೋಟೋದಲ್ಲಿ ನಾವಿಬ್ಬರು, ಪಕ್ಕದಲ್ಲೊಂದು ಇಳಕಲ್ ಸೀರೆ. "ಮುಖ ಬರ್ಲಿಲ್ಲ ಅಂದ್ರೆ ಲೆಕ್ಕಕ್ಕಿಲ್ಲ ಕಣವ್ವ" ಅಂತ ಅತ್ತೆ ಸೆರಗಿನ ಒಳಗಿಂದಲೇ ಹೇಳಿದ್ರು.

ಮಧ್ಯದ ಜಾಗ

ಇದಾದ ಮೇಲೆ ನಾನು ಫೋಟೋ ಆಸೆಯನ್ನೇ ಬಿಟ್ಟೆ. ನಿಜ ಹೇಳಬೇಕಂದ್ರೆ ನನಗೆ ಬೇಜಾರಾಗಿತ್ತು. ನಾಲ್ಕು ಜನ ಆಗಲೇಬೇಕು ಅನ್ನೋ ಮಾತು ಮದುವೆ ಆದ ಹೊಸದರಲ್ಲಿ ನಗು ಬರಿಸ್ತಿತ್ತು, ವರ್ಷ ಕಳೆದ ಹಾಗೆ ಚುಚ್ಚೋಕೆ ಶುರುವಾಯ್ತು. ನಾಲ್ಕನೆಯದೊಂದು ಹುಟ್ಟಿದ್ದರೆ ಈ ಹುಡುಕಾಟವೇ ಇರ್ತಿರಲಿಲ್ಲ ಅಂತ ಅತ್ತೆ ಮನಸ್ಸಲ್ಲೂ ಇರಬಹುದು ಅಂದ್ಕೊಳ್ತಿದ್ದೆ. ಅವರು ಒಂದು ದಿನವೂ ಹಾಗೆ ಅಂದವರಲ್ಲ. ನಾನೂ ಕೇಳಿರಲಿಲ್ಲ.

ಮಳೆ ನಿಂತ ಮೇಲೆ ಒಂದು ಮಂಗಳವಾರ ದೇವರಾಯನದುರ್ಗಕ್ಕೆ ಹೋದ್ವಿ. ವಾರದ ನಡುವೆ ಆದ್ದರಿಂದ ಜನವೇ ಇರಲಿಲ್ಲ. ಅತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ. ಕಾರು ನಿಲ್ಲಿಸಿದ ಕಡೆಯೇ ಒಂದು ಬಂಡೆ, ಅದರಾಚೆ ಕಾಡು, ದೂರದಲ್ಲಿ ತುಮಕೂರು ಮಂಜಿನಲ್ಲಿ ಮಸುಕಾಗಿ ಕಾಣ್ತಿತ್ತು. ನಾನು ಆ ಬಂಡೆ ಮೇಲೆ ಪುಟ್ಟ ಸ್ಟ್ಯಾಂಡು ಇಟ್ಟು ಬರೀ ಬೆಟ್ಟ ತೆಗೀತಿದ್ದೆ. ಅತ್ತೆ ಕೋಲೂರಿಕೊಂಡು ಬಂದು ಪಕ್ಕ ನಿಂತರು.

"ಇವತ್ತು ಮೂರೂ ಜನಾನೂ ತೆಗಿಯವ್ವ."

"ನಾಲ್ಕನೆಯವರು ಯಾರೂ ಇಲ್ವಲ್ಲ ಅತ್ತೆ."

"ಬ್ಯಾಡ. ನಾನು ಮಧ್ಯ ನಿಂತ್ಕತೀನಿ."

ಅತ್ತೆ ಆಗ ಹೇಳಿದ್ರು, ಇಷ್ಟು ವರ್ಷ ಹೇಳದೆ ಇದ್ದಿದ್ದನ್ನ. ನಮ್ಮೆಜಮಾನ್ರು ಇನ್ನೂ ತೊಟ್ಟಿಲಲ್ಲಿದ್ದಾಗ ತುಮಕೂರಿನ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ರಂತೆ. ಒಂದು ಕಡೆ ಅತ್ತೆ, ಇನ್ನೊಂದು ಕಡೆ ಅವರ ಅತ್ತೆ, ಮಧ್ಯ ಮಾವ. ಫೋಟೋ ಕಟ್ಟು ಹಾಕಿಸಿ ಮನೆಗೆ ತರೋ ಹೊತ್ತಿಗೆ ಮಾವ ಜ್ವರದಲ್ಲಿ ಹೋಗಿಬಿಟ್ಟಿದ್ರು.

"ಯಾವಾಗ್ಲೂ ನೀನೇ ಮಧ್ಯ ಬಂದು ನಿಂತ್ಕತಿದ್ದೆ. ಗಂಡನ್ ಪಕ್ಕಾನೂ ಬೇಕು, ನನ್ ಕೈ ಹಿಡ್ಕಳ್ಳೋಕೂ ಬೇಕು. ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ ಕಣವ್ವ? ಹೊತ್ತ್‌ಹೊತ್ತಿಗೆ ಮಾತಾಡ್ಸೋರು ನಂಗ್ಯಾರಿದಾರೆ?" ಅಂದ್ರು. "ನಂಗಿನ್ನೇನ್ ಬುಡು, ಎಂಬತ್ತು ದಾಟ್ತು. ಮಧ್ಯ ನಂಗೇ ಸರಿ."

ನಾನು ಇಷ್ಟು ವರ್ಷ ಏನು ಅಂದ್ಕೊಂಡಿದ್ದೆ, ಇವರ ಮನಸ್ಸಲ್ಲಿ ಏನಿತ್ತು. ಅಳು ತಡೆಯೋಕಾಗಲಿಲ್ಲ. ಮುಖ ತೋರಿಸದೆ ಕ್ಯಾಮೆರಾ ಕಡೆ ತಿರುಗಿ, ಒಂದಾದ ಮೇಲೊಂದು ತಾನೇ ತೆಗೆಯುವ ಹಾಗೆ ಗುಂಡಿ ತಿರುಗಿಸಿ ಓಡಿಬಂದೆ.

ಬಂದು ನೋಡಿದ್ರೆ ನಮ್ಮೆಜಮಾನ್ರು ಅವ್ವನನ್ನ ಪಕ್ಕಕ್ಕೆ ಸರಿಸಿ ತಾವು ಮಧ್ಯ ನಿಂತಿದ್ದಾರೆ. "ನೀನ್ಯಾಕವ್ವ ಮಧ್ಯ, ನಾನಿರ್ತೀನಿ" ಅಂತಿದ್ದಾರೆ. ಅವರ ಅಪ್ಪ ನಿಂತಿದ್ದ ಜಾಗ ಅದು. ನಾನು ವಿಜ್ಞಾನದ ಟೀಚರು, ಇದನ್ನೆಲ್ಲ ನಂಬೋಳಲ್ಲ. ನಂಬದೇನೇ ಇವರ ತೋಳು ಹಿಡಿದು ಎಳೆದು ಹಾಕಿ ನಾನು ಮಧ್ಯ ನುಗ್ಗಿದೆ.

"ಏಯ್, ಈಚೆ ಬಾರವ್ವ" ಅಂತ ಅತ್ತೆ ನನ್ನ ಸೊಂಟ ಹಿಡಿದು ಎಳೆದ್ರು. "ಬಿಡೇ, ನಾನು" ಅಂತ ಇವರು ಹಿಂದಿನಿಂದ ಸುತ್ತಿಬಂದ್ರು. "ಲೋ, ಹೆತ್ತೋಳ್ ಮಾತ್ ಕೇಳೋ" ಅಂತ ಅತ್ತೆ ಕೋಲು ಅಡ್ಡ ಹಿಡಿದ್ರು. ಬಂಡೆ ಮೇಲೆ ಆ ಗಿಡ್ಡ ಸ್ಟ್ಯಾಂಡು ಒಂಚೂರೂ ಅಲ್ಲಾಡದೆ ನಿಂತಿತ್ತು, ಕ್ಯಾಮೆರಾ ಟಿಕ್ ಟಿಕ್ ಅಂತ ತೆಗೀತಾನೇ ಇತ್ತು. ಕೊನೆಗೆ ಮೂವರಿಗೂ ಉಸಿರು ಕಟ್ಟಿ, ಒಬ್ಬರನ್ನೊಬ್ಬರು ಹಿಡ್ಕೊಂಡು ನಗೋಕೆ ಶುರು ಮಾಡಿದ್ವಿ.

ಕಾರಲ್ಲಿ ಕೂತು ಫೋಟೋ ನೋಡಿದ್ವಿ. ಒಂದರಲ್ಲಿ ಇವರು ಮಧ್ಯ, ಇನ್ನೊಂದರಲ್ಲಿ ನಾನು, ಮತ್ತೊಂದರಲ್ಲಿ ಅತ್ತೆ. ಕೊನೆಯದರಲ್ಲಿ ಯಾರ ತೋಳು ಯಾರದು ಅಂತಲೇ ಗೊತ್ತಾಗಲ್ಲ, ಮೂರು ಬಾಯಿ ಮಾತ್ರ ನಗ್ತಿವೆ. ಇಷ್ಟು ಚೆಂದದ ಫೋಟೋ ನಾನು ಯಾವತ್ತೂ ತೆಗೆದಿಲ್ಲ.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದ್ರು. "ಮಧ್ಯ ಎಲ್ರೂ ನಿಂತಂಗಾಯ್ತು. ಅಂದ್ರೆ ಬರೋ ಕೇಡು ಮೂರ್ ಪಾಲಾಯ್ತು. ಮೂರ್ ಪಾಲಾದ್ರೆ ಇನ್ನೇನ್ ಉಳೀತದೆ? ಒಬ್ಬೊಬ್ರಿಗೆ ಒಂದೊಂದ್ ನೆಗಡಿ ಬರ್ಬೋದು, ಅಷ್ಟೇಯ."

ಆ ಕೊನೆಯ ಫೋಟೋಗೆ ಕಟ್ಟು ಹಾಕಿಸಿ ಹಾಲಲ್ಲಿ ತೂಗುಹಾಕಿದ್ವಿ. ಅದೇ ವಾರ ಇವರಿಗೆ ನೆಗಡಿ ಬಂತು. ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ, ಮೆಣಸಿನ ಕಷಾಯ ಮಾಡಿಕೊಟ್ಟು, "ನಿನ್ ಪಾಲು ತೀರ್ತು ಕಣೋ" ಅಂದ್ರು. ಎರಡು ದಿನ ಬಿಟ್ಟು ನನಗೂ ಬಂತು. ನನ್ನ ಪಾಲೂ ತೀರಿತು. ಅತ್ತೆಗೆ ಮಾತ್ರ ಬರಲಿಲ್ಲ. 

ನನಗೆ ಒಳಗೊಳಗೇ ಕಳವಳ. ಫ್ಯಾನ್ ಹಾಕಲಾ ಅತ್ತೆ ಅಂತೀನಿ. ತಣ್ಣೀರು ಕೊಡಲಾ ಅಂತೀನಿ. ಇವರು ಒಂದು ದಿನ ಐಸ್‌ಕ್ರೀಮ್ ತಂದ್ರು. ಅತ್ತೆ ಎರಡು ಸಲ ಹಾಕಿಸ್ಕೊಂಡು ತಿಂದು ಕಲ್ಲುಗುಂಡಿನ ಹಾಗೆ ಇದ್ರು.

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಹೂ ಬಿಡಿಸ್ತಾ ಅತ್ತೆ ಸೀನಿದ್ರು. ನಾನು ಒಲೆ ಮೇಲೆ ಹಾಲು ಬಿಟ್ಟು ಓಡಿದೆ. ಇವರು ಬಚ್ಚಲಿಂದ ಅರ್ಧ ಕ್ಷೌರದಲ್ಲೇ ಓಡಿಬಂದ್ರು. ಇಬ್ಬರೂ ಉಸಿರು ಬಿಗಿಹಿಡಿದು ಕಾದ್ವಿ. ಇನ್ನೊಂದು ಬರಲೇ ಇಲ್ಲ.

"ಅತ್ತೆ, ಒಂಟಿ ಸೀನು ಒಳ್ಳೇದಲ್ಲ, ಇನ್ನೊಂದು ಸೀನಿ" ಅಂದೆ.

ಅತ್ತೆ ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದ್ರು. "ಸೈನ್ಸ್ ಟೀಚರಮ್ಮ ಹೇಳ್ತಿರೋದಾ ಇದು?"

"ಹೂಂ, ಅವಳೇ ಹೇಳ್ತಿರೋದು" ಅಂದೆ. "ಮೊದ್ಲು ಸೀನಿ, ಪಾಠ ಆಮೇಲೆ ಮಾಡೋಣ."